ಮೂಸದ ಹೂವು

ಉಗುರಿನ ಸದ್ದು, ಚಪ್ಪಡಿ ಮೇಲೆ ಟಕ್ ಟಕ್, ಹತ್ತಿರ ಬಂತು, ನಿಂತಿತು, ಈಗ ಹಿಂದಕ್ಕೆ ಹೋಗುತ್ತಿದೆ — ಹಿಂದಕ್ಕೆ ಯಾಕೆ, ಕೆಂಚಿ, ಬಾ ಇಲ್ಲಿ, ಎಡಗೈ ಚಾಚಿ ಬಾಗಿಲಲ್ಲಿ ನಿಂತಿದ್ದೇನೆ, ಕೈಗೆ ನಾಯಿಪಟ್ಟಿಯ ಬಿದಿರ ಹಿಡಿ ಸಿಗಬೇಕು, ಸಿಗುತ್ತಿಲ್ಲ, ಬರೀ ಗಾಳಿ, ಬಲಸೊಂಟದ ಮೇಲೆ ಹೂವಿನ ಬುಟ್ಟಿ, ಒದ್ದೆ ಬಟ್ಟೆಯಿಂದ ನೀರಿಳಿದು ಸೀರೆ ನೆನೆಯುತ್ತಿದೆ, ಮಲ್ಲಿಗೆ, ಕನಕಾಂಬರ, ಮರುಗ, ಎಲ್ಲ ನಾನೇ ಕಟ್ಟಿದ್ದು, ಬಾಳೆನಾರಿಗೆ ಕಣ್ಣು ಬೇಡ, ಬೆರಳು ಸಾಕು, ನಡೆಯುವುದಕ್ಕೆ ಕಣ್ಣು ಬೇಕು ಅಂತ ಎಲ್ಲರೂ ಅನ್ನುತ್ತಾರೆ, ಅದಕ್ಕೇ ಈ ನಾಯಿ, ಅದಕ್ಕೇ ಇಷ್ಟು ದಿನದ ಒದ್ದಾಟ, ಕೈ ಕೊಡುವುದಕ್ಕೆ ಇವತ್ತೇ ಬೇಕಿತ್ತಾ ಇದಕ್ಕೆ. ಮೈದುನ ಬೆಟ್ಟಯ್ಯ ನಿನ್ನೆ ಉಂಡು ಕೈ ತೊಳೆಯುತ್ತಾ ಹೇಳಿದ, ನೋಡಿ ಅತ್ತಿಗೆ, ನಾಳೆ ನೀವೊಬ್ರೇ ರಾಜಾಜಿನಗರಕ್ಕೆ ಹೋಗಿ ಹೂ ಕೊಟ್ಟು ಬಂದ್ರೆ ದಿನಾ ಹೂ ಹಾಕೋ ವರ್ತನೆ ಮನೆಗಳೆಲ್ಲ ನಿಮ್ದೇ, ನಾನು ತುಟಿಪಿಟಕ್ ಅನ್ನಲ್ಲ, ಆಗ್ಲಿಲ್ಲ ಅಂದ್ರೆ ಮನೇಲಿ ಕೂತು ಕಟ್ಕೊಡಿ, ಚಿಕ್ಕಲಕ್ಷ್ಮಿ ಹೋಗ್ತಾಳೆ. ಕೆಟ್ಟ ಮಾತೇನಲ್ಲ, ಅವನ ಹೆಂಡತಿ ಚಿಕ್ಕಲಕ್ಷ್ಮಿಯೂ ಪಾಪ, ನನ್ನ ಕಣ್ಣು ಹೋದಾಗಿನಿಂದ ಮೊಣಕೈ ಹಿಡಿದು ಮಾರೇನಹಳ್ಳಿಯಿಂದ ಅಲ್ಲಿಗೆ ನಡೆಸಿಕೊಂಡು ಹೋಗಿ ಬರುತ್ತಾಳೆ, ಈಗಲೂ ಒಳಗಿನಿಂದ ಕೇಳುತ್ತಾಳೆ, ಅಕ್ಕಾ, ನಾನೇ ಹೋಗಿ ಬರ್ಲಾ, ಬೇಡ ಕಣೇ, ನೀನು ಒಲೆ ನೋಡು ಅಂದೆ, ಸಿಟ್ಟು ಬಂದರೂ ಮೆತ್ತಗೇ ಅಂದೆ, ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಇನ್ನೂ ಕಷ್ಟ. ಮನೇಲಿ ಕೂತು ಅಂತಾನಲ್ಲ, ಆ ಮನೆಗಳನ್ನು ಹಿಡಿದದ್ದು ಯಾರು, ಗಂಡ ತೀರಿಕೊಂಡ ವರ್ಷ, ಅಲ್ಲಿ ಸೈಟಿನ ಕಲ್ಲೇ ಹೆಚ್ಚು, ಮನೆ ಕಡಿಮೆ, ಗೃಹಪ್ರವೇಶದ ತೋರಣ ಎಲ್ಲಿ ಕಂಡರೂ ಬಾಗಿಲಿಗೆ ಹೋಗಿ, ಅಮ್ಮಾ ನಾಳೆಯಿಂದ ಹೂ ತರಲಾ ಅಂತ ಕೇಳಿ ಒಂದೊಂದಾಗಿ ಹಿಡಿದದ್ದು, ಬಿಟ್ಟುಕೊಡುವುದಿಲ್ಲ, ಕೈಕಾಲು ಗಟ್ಟಿಯಿರುವ ತನಕ ಬಿಟ್ಟುಕೊಡುವುದಿಲ್ಲ.

ಕೆಂಚಿ, ಬಾರೇ — ಬಾಲ ನೆಲಕ್ಕೆ ಬಡಿಯುತ್ತಿದೆ, ನನ್ನ ಮಾತು ಕೇಳಿದೆ, ಬರುತ್ತಿಲ್ಲ. ಕಣ್ಣು ಹೋಗುವಾಗ ಮೊದಲು ದೀಪದ ಸುತ್ತ ಬಣ್ಣದ ಬಳೆ ಕಂಡಿತು, ಆಮೇಲೆ ಮಬ್ಬು, ಆಮೇಲೆ ಏನೂ ಇಲ್ಲ, ಡಾಕ್ಟರು ಟಾರ್ಚು ಬಿಟ್ಟು ನೋಡಿ, ನರ ಸತ್ತಿದೆಯಮ್ಮ, ಇನ್ನು ಮಾಡೋದೇನಿಲ್ಲ ಅಂದರು, ಮಾಡೋದು ಇದೆ ಅಂದವರು ಮಿಲಿಟ್ರಿ ಚನ್ನಮಲ್ಲಪ್ಪನವರು ಒಬ್ಬರೇ, ಯುದ್ಧ ಮುಗಿಸಿ ಬಂದವರು, ಪರದೇಶದಲ್ಲಿ ಕಣ್ಣು ಹೋದ ಸಿಪಾಯಿಗಳಿಗೆ ನಾಯಿ ಕೊಡ್ತಾರಮ್ಮ, ಅದು ನಡೆಸ್ದಂಗೆ ಅವರು ಪೇಟೆಯೆಲ್ಲ ಓಡಾಡ್ತಾರೆ, ನಾನೇ ಕಂಡಿದೀನಿ. ಅರಳಿಕಟ್ಟೆ ಮೇಲೆ ಕೂತವರು ನಕ್ಕರು, ನಾನು ನಗಲಿಲ್ಲ, ಮನೆಯಲ್ಲೇ ಒಂದು ನಾಯಿ ತಿಂದು ಮಲಗಿತ್ತಲ್ಲ. ಎತ್ತಿನ ಕೊರಳಿನ ಹಳೇ ತೊಗಲ ಪಟ್ಟಿ ಕೊಯ್ದು ಕೆಂಚಿಯ ಎದೆಗೆ ಹೊಲಿದುಕೊಟ್ಟವರೂ ಅವರೇ, ಪಟ್ಟಿಗೆ ಬಿದಿರಿನ ಹಿಡಿ, ಎಡಗಡೆ ನಾಯಿ, ಬಲಗಡೆ ಬುಟ್ಟಿ, ಬೈಬೇಡಿ, ಹೊಡೀಬೇಡಿ, ಸರಿಯಾಗಿ ಮಾಡ್ದಾಗ ಬಾಯಿಗೆ ಏನಾದ್ರೂ ಹಾಕಿ, ಅಷ್ಟೇ ಅಂದರು. ಮುದ್ದೆಯ ಚೂರು ಸೆರಗಲ್ಲಿ ಕಟ್ಟಿಕೊಂಡು ಹೊರಟೆ, ಮೊದಲ ದಿನವೇ ಕೋಳಿ ಕಂಡು ಎಳೆದು ಚರಂಡಿಗೆ ಕೆಡವಿತು, ಮೊಣಕೈ ಸುಲಿಯಿತು, ಮಾರನೇ ದಿನ ಮತ್ತೆ ಹೊರಟೆ. ತಾನು ನುಸುಳಿದರೆ ನಾನೂ ನುಸುಳಿದ ಹಾಗೆ ಅಂತ ಅದರ ಲೆಕ್ಕ, ಹೊಂಗೆಕೊಂಬೆ ಕೆಳಗೆ ಅದು ಸಲೀಸಾಗಿ ದಾಟುತ್ತದೆ, ನನ್ನ ಹಣೆ ಬಡಿಯುತ್ತದೆ, ನಿಲ್ಲು ಅನ್ನುವುದು, ಕೊಂಬೆ ಅಲ್ಲಾಡಿಸಿ ತೋರಿಸುವುದು, ಹಿಂದೆ ಬಂದು ಮತ್ತೆ ನಡೆಯುವುದು, ಒಂದು ಸಂಜೆ ಕೊಂಬೆ ಬಂತು ಅಂತ ನಾನು ಕುಗ್ಗಿ ಕಾಯುತ್ತಿದ್ದರೆ ಹಿಡಿ ತಾನಾಗಿ ಪಕ್ಕಕ್ಕೆ ತಿರುಗಿತು, ನನ್ನ ಎತ್ತರಕ್ಕೂ ಸೇರಿಸಿ ದಾರಿ ನೋಡಿತ್ತು ಅದು, ಬೀದಿಯಲ್ಲೇ ಕೂತು ಅತ್ತುಬಿಟ್ಟೆ, ಮುದ್ದೆಯೆಲ್ಲ ಅದರ ಬಾಯಿಗೇ. ಮಾಗಡಿ ರಸ್ತೆ ಕಲಿಯಿತು, ಜಲ್ಲಿ ರಾಶಿ ಸುತ್ತಿ ಹೋಗುವುದು ಕಲಿಯಿತು, ಹೂ ಕೊಡುವ ಮೊದಲ ಮನೆ ಅನಂತಲಕ್ಷ್ಮಮ್ಮನವರದು, ಅವರ ಗೇಟಿನ ಮುಂದೆ ನಿಲ್ಲುವುದು ಕಲಿಯಿತು, ಎಲ್ಲ ಕಲಿತದ್ದು ಇವತ್ತು ಅಂಗಳದಲ್ಲೇ ಹೀಗೆ ಹಿಂದೆ ಹಿಂದೆ ಸರಿದರೆ ನಾನು ಏನು ಮಾಡಲಿ.

ಬುಟ್ಟಿ ಇಳಿಸಿದೆ, ಕೈ ಬೀಸಿ ಕರೆದೆ, ಬಂತು, ತೊಡೆಗೆ ಒರಗಿತು, ಬಡ್ಡೀಮಗಳು. ಬುಟ್ಟಿ ಎತ್ತಿದೆ, ಹೋಯಿತು. ಓ — ಓ ಬುಟ್ಟಿಯಾ. ಕಲಿಸಿದ್ದೆಲ್ಲ ಸಂಜೆ ಹೊತ್ತು, ಖಾಲಿ ಬುಟ್ಟಿ ಇಟ್ಟುಕೊಂಡು, ದೇವರಿಗೆ ಹೋಗುವ ಹೂವನ್ನು ನಾಯಿ ಪಾಠಕ್ಕೆ ಯಾರಾದರೂ ಹೊತ್ತು ತಿರುಗುತ್ತಾರಾ, ಮೂಸಿದ ಹೂ ದೇವರಿಗೆ ಆಗುವುದಿಲ್ಲ, ಮನುಷ್ಯರು ಮೂಸಿದ್ದೇ ಆಗುವುದಿಲ್ಲ, ಇನ್ನು ನಾಯಿ ಮೂಸಿದ್ದು, ಅದಕ್ಕೇ ಮರಿಯಿದ್ದಾಗ ಬುಟ್ಟಿಗೆ ಮೂತಿ ಇಟ್ಟಾಗಲೆಲ್ಲ ಹುಣಸೆ ಬರಲಿನಿಂದ ಒಂದೊಂದು ಬಿಗಿದದ್ದು, ಹೂವಿನ ವಾಸನೆ ಬಂದರೆ ದೂರ ಇರಬೇಕು ಅಂತ ಚೆನ್ನಾಗಿ ಕಲಿತಿದೆ, ನಾನು ಕಲಿಸಿದ ಮೊದಲ ಪಾಠ ಅದು, ಎಷ್ಟು ಚೆನ್ನಾಗಿ ಕಲಿತಿದೆ ನೋಡು. ನಗು ಬಂತು, ಭಯವೂ ಬಂತು. ಬಿಸಿಲು ಕೆನ್ನೆಗೆ ತಾಗುತ್ತಿದೆ, ಪೂಜೆಯ ಹೊತ್ತು ಮೀರಿದರೆ ಹೋಗಿ ಏನು ಪ್ರಯೋಜನ, ಹೆದರಿಕೆ ಬಿಡಿಸಬೇಕು, ಬಿಡಿಸಿದರೆ ಸಲಿಗೆ ಸಿಕ್ಕಿ ಬುಟ್ಟಿಗೇ ಮೂತಿ ಹಾಕಿದರೆ, ಅನಂತಲಕ್ಷ್ಮಮ್ಮನವರು ಹೇಳಿಯೇ ಇದ್ದಾರೆ, ನಾಯಿ ಕರ್ಕೊಂಡು ಬಾ ಪಟಾಲಮ್ಮ, ನಂದೇನೂ ತಕರಾರಿಲ್ಲ, ಆದ್ರೆ ಅದು ಮೂಸಿದ ಹೂವು ನಮ್ಮ ದೇವರಮನೆಗೆ ಬರಕೂಡದು, ಅವರು ಬೇಡ ಅಂದರೆ ಆ ಬೀದಿಯೇ ಬೇಡ ಅನ್ನುತ್ತದೆ. ಆಗಲಿ, ಆದದ್ದು ಆಗಲಿ. ಕೂತೆ. ಒಂದು ತುಂಡು ಮಲ್ಲಿಗೆ ಹರಿದು ಎಡಗೈ ಮಣಿಕಟ್ಟಿಗೆ ಸುತ್ತಿ ಹಲ್ಲಲ್ಲಿ ಗಂಟು ಬಿಗಿದೆ, ಅಯ್ಯೋ ಅಕ್ಕಾ, ಹೂವಾ, ನೀವಾ, ಚಿಕ್ಕಲಕ್ಷ್ಮಿಯ ಕೈಯಿಂದ ಸೌಟು ಬಿತ್ತು, ಗಂಡ ಹೋದಮೇಲೆ ಮೈಮೇಲೆ ಹೂ ಇಟ್ಟವಳಲ್ಲ ನಾನು, ಮುಡಿದಿಲ್ಲ ಕಣೇ, ಕಟ್ಟಿದೀನಿ, ಕೆಲಸಕ್ಕೆ. ಹೂ ಕಟ್ಟಿದ ಕೈಯಲ್ಲೇ ಮುದ್ದೆ ಹಿಡಿದೆ. ಬಾ. ಉಗುರು ಒಂದು ಹೆಜ್ಜೆ, ನಿಂತಿತು. ಹುಣಸೆ ಬರಲು ಹಿಡಿದಿಲ್ಲ, ನೋಡು, ಬರೀ ಕೈ, ಬಾ ನನ್ನವ್ವ. ಇನ್ನೊಂದು ಹೆಜ್ಜೆ. ಬಿಸಿ ಉಸಿರು, ಆಮೇಲೆ ತಣ್ಣನೆ ಮೂಗು, ಮಲ್ಲಿಗೆಗೆ ತಾಗಿತು, ಚಿಮ್ಮಿ ಹಿಂದೆ ಹೋಯಿತು, ಏಟು ಬೀಳಲಿಲ್ಲ, ಮತ್ತೆ ಬಂತು, ಮುದ್ದೆ ತಿಂದಿತು, ಅಂಗೈ ನೆಕ್ಕಿತು. ಅದು ಮೂಸಿದ ತುಂಡು ಬಿಚ್ಚಿ ಎಸೆದು ಕೈ ತೊಳೆದೆ. ಬುಟ್ಟಿ ಎತ್ತಿದೆ. ಬಿದಿರು ಕೈಗೆ ಬಂತು. ನಡಿ.

ನಡೆಯುತ್ತಿದ್ದೇವೆ, ಮಣ್ಣು, ರಾಗಿಹೊಲದ ಬದು, ಕಾಲಿಗೆ ಹುಲ್ಲು, ಆಮೇಲೆ ಡಾಂಬರಿನ ಅಂಚು, ನಿಂತಿತು, ನಾನೂ ನಿಂತೆ, ಲಾರಿ ಒಂದು ಧೂಳು ಎರಚಿಕೊಂಡು ಹೋಯಿತು, ನಡಿ ಅಂದೆ, ಇಲ್ಲ, ನಿಂತೇ ಇದೆ, ನನಗೇನೂ ಕೇಳುತ್ತಿಲ್ಲ, ಸರಕ್ ಅಂತ ಮುಂದೆಯೇ ಸೈಕಲ್ ಹಾದು ಹೋಯಿತು, ಆಮೇಲೆ ತಾನಾಗಿ ಹೊರಟಿತು, ಭೇಷ್ ಅಂದೆ, ದಾರಿಯಲ್ಲಿ ಯಾರೋ, ಹೂವಮ್ಮ ಒಬ್ಬಳೇ ಬತ್ತಾವ್ಳೆ ನೋಡು ಅಂದರು, ಒಬ್ಬಳೇ ಅಲ್ಲ ಕಣಯ್ಯ, ಇಬ್ಬರು. ಹೊಸ ಸುಣ್ಣದ ವಾಸನೆ, ಗಾರೆ ಕಲಸುವ ಸದ್ದು, ಜಲ್ಲಿ ಸುತ್ತಿ ಎಡಕ್ಕೆ, ನಿಂತಿತು, ಕೈ ಚಾಚಿದರೆ ಗೇಟಿನ ಕಂಬಿ. ಅಮ್ಮಾ ಹೂವು. ಮನೆಯೊಳಗೆ ಪೂಜೆಯ ಗಂಟೆ ಇನ್ನೂ ಬಾರಿಸಿಲ್ಲ, ಹೊತ್ತಿಗೆ ಬಂದಿದ್ದೇನೆ. ಅನಂತಲಕ್ಷ್ಮಮ್ಮನವರ ಬಳೆ ಸದ್ದು ಮೆಟ್ಟಿಲಿಳಿದು ಬಂತು, ಬುಟ್ಟಿ ಇಳಿಸಿ ಬಟ್ಟೆ ಸರಿಸಿದೆ, ಮೊಳ ಹಾಕಲು ಎರಡೂ ಕೈ ಬೇಕು, ಹಿಡಿ ಬಿಡಬೇಕು, ಬಿಟ್ಟೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಕೆಂಚಿಯ ಉಸಿರು ಹತ್ತಿರದಲ್ಲೇ, ಬುಟ್ಟಿಯ ಹತ್ತಿರವೇ, ಬೇಡ ಮಗಳೇ ಬೇಡ, ಮುದ್ದೆ ಕೊಟ್ಟ ಕೈಯಲ್ಲಿದ್ದ ಮಲ್ಲಿಗೆ ವಾಸನೆಯೇ ಬುಟ್ಟಿ ತುಂಬ ಇದೆ ಅದಕ್ಕೆ, ಇನ್ನೊಂದು ಮೊಳ, ಮೂಸಿದರೂ ನನಗೆ ಗೊತ್ತಾಗುವುದಿಲ್ಲ, ಕಾಣುವವರು ಇವರೊಬ್ಬರೇ, ಇವರು ಮಾತಾಡುತ್ತಿಲ್ಲ, ಯಾಕೆ ಮಾತಾಡುತ್ತಿಲ್ಲ, ಬಳೆಯೂ ಸದ್ದಿಲ್ಲ, ನಾರು ಹರಿದೆ, ದೇವರ ಹೂವಿನಲ್ಲಿ ಕಳ್ಳಾಟ ನನ್ನಿಂದ ಆಗುವುದಿಲ್ಲ, ಕೇಳಿಯೇಬಿಟ್ಟೆ, ಅಮ್ಮಾ, ಮೂಸ್ತಾ? ಇಲ್ಲ ಕಣೇ, ಅದನ್ನೇ ನೋಡ್ತಾ ನಿಂತಿದೀನಿ, ಮುಖ ಆ ಕಡೆ ತಿರುಗಿಸ್ಕೊಂಡು ಕೂತಿದೆ, ಮೊಳ ಹಾಕೋವಾಗ ನೀನು ತಿರುಗಿಸ್ಕೋತೀಯಲ್ಲ, ಥೇಟ್ ಹಾಗೇ, ನಾಳೆ ಶುಕ್ರವಾರ, ಕನಕಾಂಬರ ಜಾಸ್ತಿ ತಾ. ತರ್ತೀನಮ್ಮ, ನಾನೇ ತರ್ತೀನಿ — ನಾನು ತಿರುಗಿಸಿಕೊಳ್ಳುತ್ತೇನೆಯೇ, ಯಾರೂ ಹೇಳಿರಲಿಲ್ಲ, ಉಸಿರು ಹೂವಿಗೆ ತಾಗದಿರಲಿ ಅಂತ ಅಭ್ಯಾಸ ಇದ್ದಿರಬೇಕು, ಹೊಡೆದು ಕಲಿಸಿದ್ದಲ್ಲ ಹಾಗಾದರೆ, ನಾನು ಹೂ ಕಟ್ಟುವಾಗ ಮೂಲೆಯಲ್ಲಿ ಮಲಗಿ ದಿನಾ ನನ್ನನ್ನು ನೋಡಿ ಕಲಿತಿದೆ ಅದು, ಮಿಕ್ಕ ಮನೆಗಳಿವೆ, ಏಳಬೇಕು, ಬುಟ್ಟಿಯ ಈ ಕಡೆ ನನ್ನ ಮುಖ, ಆ ಕಡೆ ಅದರ ಮುಖ, ಎರಡೂ ಹೊರಗೆ ತಿರುಗಿ, ಕಾಣದ ಕಣ್ಣಿಗೆ ಕಾಣುತ್ತಿದೆ, ಏಳಬೇಕು, ಬುಟ್ಟಿ ಎತ್ತಬೇಕು, ಮುಖ ಆ ಕಡೆ ತಿರುಗಿಸಿ ಕೂತ ಕೆಂಚಿ, ಮುಖ ಈ ಕಡೆ ತಿರುಗಿಸಿ ಕೂತ ನಾನು.