ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ

ನನ್ನ ಅಕ್ಕ ಬೇಕರಿ ನಡೆಸುತ್ತಾಳೆ. ಮೈದಾ ಮೂಟೆ ಬಂದರೆ ಅದರ ಹೊಲಿಗೆ ಬಿಚ್ಚಿಸಿ, ಒಂದು ಹಿಡಿ ತೆಗೆದು ಮೂಸಿ, ನಾಲಿಗೆಯ ತುದಿಗಿಟ್ಟು ನೋಡಿದ ಮೇಲೆಯೇ ಇಳಿಸಿಕೊಳ್ಳುತ್ತಾಳೆ. ಹಿಟ್ಟಿನವನು ಹತ್ತು ವರ್ಷದ ಪರಿಚಯದವನಾದರೂ ಬಿಡುವವಳಲ್ಲ. ಅದೇ ಅಕ್ಕ, ದೊಡ್ಡಭಾವ ಕಾಗದ ತಂದರೆ ಮಾತ್ರ ಕೈ ಒರೆಸಿಕೊಂಡು, ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಿದ್ದಳು. ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ದೊಡ್ಡಭಾವ ಎಂದರೆ ತೀರಿಕೊಂಡ ನನ್ನ ಭಾವನ ಅಣ್ಣ, ಆ ಮನೆಯ ಹಿರಿಯರು. ಅಲ್ಲಿ ಹೆಂಗಸರು ಕಾಗದ ಓದಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಓದಹೊರಟರೆ ಹಿರಿಯರನ್ನು ಕಳ್ಳರೆಂದ ಹಾಗೆ, ಅಷ್ಟೇ. ಅವರು ಕಾಗದದ ಮೇಲೆ ದಿನಪತ್ರಿಕೆ ಹೊದಿಸಿ, ಸಹಿಯ ಜಾಗವೊಂದೇ ಕಾಣುವಂತೆ ಇಡುತ್ತಿದ್ದರು. "ಹಿಟ್ಟಿನ ಕೈ ಅಲ್ವೇನಮ್ಮ, ಕಾಗದ ಕೊಳೆ ಆಗುತ್ತೆ" ಎನ್ನುವರು. ಎಂಥ ಕಾಳಜಿ!

ಭಾವ ತೀರಿಕೊಂಡ ಮರುವಾರವೇ ನಲ್ಲಿಯ ಬಿಲ್ಲಿನಲ್ಲಿರುವ ಹೆಸರು ಬದಲಾಯಿಸಲೆಂದು ಒಂದು ಸಹಿ ಹಾಕಿಸಿದರು. ಮೂರು ತಿಂಗಳಾದ ಮೇಲೆ, ಅಕ್ಕ ಇದ್ದ ಮಹಡಿಯ ಎರಡು ಕೋಣೆಗಳಿಗೆ ಬೇರೆ ಬೀಗ ಬಿತ್ತು. ಆ ಸಹಿಯಲ್ಲಿ ಅಕ್ಕ ಬಿಟ್ಟುಕೊಟ್ಟದ್ದು ನಲ್ಲಿಯನ್ನಲ್ಲ, ಕೋಣೆಗಳನ್ನು. ಅಂದಿನಿಂದ ಅವಳೂ ಆರು ವರ್ಷದ ಮಗಳೂ ಬೇಕರಿಯ ಹಿಂದೆ, ಹಿಟ್ಟಿನ ಮೂಟೆಗಳ ನಡುವೆ ಮಲಗುತ್ತಾರೆ. ಮಗುವಿಗೆ ಹಿಟ್ಟಿನ ಧೂಳಿಗೆ ಕೆಮ್ಮು ಹಿಡಿಯಿತು. ಬೆಳಗಾಗೆದ್ದು ಕೆಮ್ಮುತ್ತಲೇ ಶಾಲೆಗೆ ಹೋಗುತ್ತದೆ.

"ಹಾಕೋ ಮುಂಚೆ ಏನದು ಅಂತ ಒಂದು ಮಾತು ಕೇಳೋಕೆ ನಿನಗೇನಾಗಿತ್ತೇ?" ಎಂದು ಅಂದು ಜಗಳವಾಡಿದ್ದೆ.

"ಕೇಳಿದ್ರೆ ಏನಂದ್ಕೊಳ್ತಾರೋ ಅಂತ. ಈಗ ಕೇಳಿದ್ರೆ, ನೀನೇ ಒಪ್ಪಿ ಹಾಕಿದ್ದಲ್ವಾ ಅಂತಾರೆ. ನಾನೇ ತಾನೇ ಹಾಕಿದ್ದು?"

"ಕೈ ನಿಂದು, ಒಪ್ಪಿಗೆ ನಿಂದಲ್ಲ. ಮೈದಾ ಅಂತ ಸುಣ್ಣದ ಮೂಟೆ ಇಳಿಸಿ ಹೋದ್ರೆ, ನೀನು ಸುಣ್ಣ ಕೊಳ್ಳೋಕೆ ಒಪ್ಪಿದ್ದೆ ಅಂತ ಅರ್ಥಾನಾ? ಏನು ಕೊಡ್ತಿದೀನಿ ಅಂತ ಗೊತ್ತಿರ್ಬೇಕು. ಸುಳ್ಳು ಹೇಳಿರ್ಬಾರ್ದು, ಹೆದರಿಸಿರ್ಬಾರ್ದು. ಬೇಡ ಅನ್ನೋಕೂ ದಾರಿ ಇರ್ಬೇಕು. ಆಗ ಅದು ಒಪ್ಪಿಗೆ. ವಕೀಲರ ಹತ್ರ ಹೋಗೋಣ ಬಾ."

"ಮನೆ ಮರ್ಯಾದೆ ಬೀದಿಗೆ ತರೋದಾ? ಸುಮ್ನಿರೇ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅಕ್ಕನಿಗೆ ಕೆಟ್ಟ ಮೇಲೂ ಬರಲಿಲ್ಲ. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿ ಕೊಡುತ್ತಿತ್ತು.

ಮೊನ್ನೆ ಬೇಕರಿಗೆ ವಾರದ ರಜೆ. ನಾನು ಹೋಗಿದ್ದೆ. ಅತ್ತೆ, ಅಂದರೆ ಅಕ್ಕನ ಅತ್ತೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದೊಡ್ಡಭಾವ ಬಂದವರೇ ಮೇಜಿನ ಮೇಲೆ ಕಾಗದವಿಟ್ಟು ಪತ್ರಿಕೆ ಹೊದಿಸಿದರು. ಪಕ್ಕದಲ್ಲಿ ಹೆಬ್ಬೆಟ್ಟಿಗೆಂದು ಇಂಕಿನ ಡಬ್ಬಿ.

"ಒಲೆಗೆ ಕರೆಂಟ್ ಜಾಸ್ತಿ ಮಾಡಿಸೋ ಅರ್ಜಿ. ನೀನು ಸಹಿ ಹಾಕು, ಅಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ಲಿ."

ಕರೆಂಟಿನ ಅರ್ಜಿಗೆ ಸಾಕ್ಷಿ ಯಾಕೆ? "ಒಂದ್ಸಲ ಓದ್ಲಿ, ದೊಡ್ಡಭಾವ" ಎಂದೆ.

"ಮನೆಯವರ ಮಧ್ಯೆ ಓದೋದೇನಮ್ಮ? ನಾನೇನು ಬೀದಿಯವನಾ?"

"ನೋಡು, ನಾನು ಮೂವತ್ತು ಸಲ ಒತ್ತಿದೀನಿ" ಎಂದರು ಅತ್ತೆ. "ಒಂದು ಸಲಾನೂ ಏನು ಎತ್ತ ಕೇಳ್ಲಿಲ್ಲ. ಹಾಗಿದ್ದಿದ್ದಕ್ಕೇ ಮನೆ ಒಡೀಲಿಲ್ಲ."

"ಇಷ್ಟ ಇಲ್ದಿದ್ರೆ ಬೇಡ" ಎಂದರು ದೊಡ್ಡಭಾವ, ತಣ್ಣಗೆ. "ಆಮೇಲೆ ತಾಯಿ ಮಗಳು ಎಲ್ಲಿ ಮಲಗ್ತೀರೋ ನೀವೇ ನೋಡ್ಕೊಳ್ಳಿ."

ಅಕ್ಕ ಪೆನ್ನು ತೆಗೆದುಕೊಂಡಳು. ಒಳಗೆ ಮಗು ಕೆಮ್ಮುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಪತ್ರಿಕೆ ಎಳೆಯಲು ಕೈ ಚಾಚಿದೆ, ಅವರು ಅಂಗೈಯಿಂದ ಅದುಮಿಕೊಂಡರು. ಆಗ ಅದರ ಅಂಚಿನ ಕೆಳಗೆ ಒಂದೇ ಸಾಲು ಕಂಡಿತು. ನನಗೆ ಅದು ಬಾಯಿಪಾಠ. ನಾನು ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರೊಬ್ಬರ ಬಳಿ ಟೈಪಿಸ್ಟು. ಯಾರು ಓದಿದರು, ಯಾರು ಕೇಳಿದರು ಎಂದು ನೋಡದೆ ಎಲ್ಲ ಪತ್ರಗಳ ತಳದಲ್ಲೂ ಅದನ್ನು ಕುಟ್ಟಿ ಕಳಿಸುತ್ತ ಬಂದವಳು. ಅಕ್ಕನಿಗೆ ಬುದ್ಧಿ ಹೇಳಲು ನನಗೇನು ಹಕ್ಕಿತ್ತು? ನಾಚಿಕೆಯಾಯಿತು. ಆದರೂ ಗಟ್ಟಿಯಾಗಿ ಓದಿದೆ:

"'ಮೇಲ್ಕಂಡ ವಿಷಯವನ್ನು ಸಾಕ್ಷಿಯ ಸಮಕ್ಷಮ ಓದಿಸಿ ಕೇಳಿ, ಅರ್ಥಮಾಡಿಕೊಂಡು, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ.'"

ಅತ್ತೆಗೆ ಹಟ ಎಷ್ಟೋ ಸುಳ್ಳಿನ ಮೇಲಿನ ಸಿಟ್ಟೂ ಅಷ್ಟೇ. ಇಂಕಿಗೆ ಅದ್ದಿದ ಹೆಬ್ಬೆರಳು ಅಲ್ಲೇ ನಿಂತಿತು.

"ಯಾರ ಎದುರು ಓದಿದ್ರಂತೆ?"

"ಸಾಕ್ಷಿ ಎದುರು. ಅಂದ್ರೆ ನಿಮ್ಮೆದುರು, ಅತ್ತೆ."

"ಯಾವಾಗ? ನಾನು ಬೆಳಗ್ಗೆಯಿಂದ ಇಲ್ಲೇ ಕೂತಿದೀನಲ್ಲ!"

"ಅದು ಸುಮ್ನೆ ವಾಡಿಕೆ ಮಾತು ಅಮ್ಮ, ಎಲ್ಲಾದ್ರಲ್ಲೂ ಇರುತ್ತೆ" ಎಂದರು ದೊಡ್ಡಭಾವ.

"ವಾಡಿಕೆ ಅಂತ ಸುಳ್ಳಿಗೆ ಹೆಬ್ಬೆಟ್ಟು ಒತ್ಲಾ? ಪೇಪರ್ ತೆಗಿಯೋ. ಅವಳು ಓದ್ಲಿ."

ಅಮ್ಮನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿಲ್ಲ. ಕೈ ಸಡಿಲಾಯಿತು. ನಾನು ಮೊದಲಿಂದ ಓದಿದೆ. ಕರೆಂಟಿನ ಸುದ್ದಿ ಎಲ್ಲೂ ಇರಲಿಲ್ಲ. ಬೇಕರಿ, ಅದರ ಒಲೆ, ಹಿಂದಿನ ಕೋಣೆ ಎಲ್ಲವನ್ನೂ ಅಕ್ಕ ತಾನಾಗಿಯೇ ಬಿಟ್ಟುಕೊಡುತ್ತಿದ್ದಾಳೆ ಎಂದಿತ್ತು.

ಅತ್ತೆ ಹೆಬ್ಬೆರಳಿನ ಇಂಕನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು:

"ನಾನು ಒತ್ತಿದ ಮೂವತ್ತರಲ್ಲೂ ಈ ಸಾಲು ಇತ್ತೇನೇ?"

"ಇದ್ದಿರುತ್ತೆ ಅತ್ತೆ."

"ಹಾಗಾದ್ರೆ ನಾನು ಏನೇನು ಕೊಟ್ಟೆ?" ಎಂದು ಮಗನ ಕಡೆ ತಿರುಗಿದರು. ದೊಡ್ಡಭಾವ ದಿನಪತ್ರಿಕೆ ಮಡಿಸತೊಡಗಿದರು. ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಎಂಬತ್ತರ ವಯಸ್ಸಿನಲ್ಲಿ ಕೇಳಿದ ಆ ಮುದುಕಿಯನ್ನು ಕಂಡು ನನಗೆ ಅಳು ಬಂತು.

ಅಕ್ಕ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಒಂದೊಂದೇ ಸಾಲಿಗೆ ಬೆರಳಿಟ್ಟು, ಯಾರಿಗೂ ಕಾಯದೆ, ಕೊನೆಯವರೆಗೂ ತಾನೇ ಓದಿದಳು.

"ಓದಿದೆ ದೊಡ್ಡಭಾವ" ಎಂದಳು. "ಅರ್ಥಾನೂ ಆಯ್ತು. ಯಾರ ಬಲವಂತಾನೂ ಇಲ್ಲ. ಅದಕ್ಕೇ ಹೇಳ್ತಿದೀನಿ, ನಾನು ಸಹಿ ಹಾಕಲ್ಲ."