ಬೂದಿಯಲ್ಲಿ ತಿಕ್ಕಿದ ಸೀಡಿ

ಹಿತ್ತಾಳೆ ತಂಬಿಗೆಯ ಕುತ್ತಿಗೆಗೆ ಬೂದಿ ಹಚ್ಚಿ ತೆಂಗಿನ ನಾರಿನಿಂದ ಗರಗರ ತಿಕ್ಕುತ್ತಿದ್ದ ಕಾಶೆವ್ವನ ಕೈ ಅರ್ಧಕ್ಕೇ ನಿಂತಿತು. ಹಿತ್ತಲ ಕಲ್ಲಿನ ಮೇಲೆ ಇನ್ನೂ ಎರಡು ಗಂಗಾಳ ಬಿದ್ದಿದ್ದವು. ಒಬ್ಬಳೇ ಉಣ್ಣುವವಳಿಗೆ ಎರಡು ಗಂಗಾಳ ಯಾಕೆ ಎಂದು ಕೇಳುವವರು ಯಾರೂ ಇಲ್ಲ. ಒಂದರಲ್ಲಿ ಉಂಡು ಇನ್ನೊಂದನ್ನು ಸುಮ್ಮನೆ ತೊಳೆದಿಡುವುದು ರೂಢಿಯಾಗಿಬಿಟ್ಟಿತ್ತು. ಆದರೆ ಕೈ ನಿಂತದ್ದು ಅದಕ್ಕಲ್ಲ. ಏಳು ತಿಂಗಳಿಂದ ಬೂದಿ ಮುಟ್ಟಿದಾಗಲೆಲ್ಲ ಹೀಗೇ. ಪಾತ್ರೆ ಹೊಳೆಯತೊಡಗಿದ ಕೂಡಲೇ, ತಾನು ತಿಕ್ಕಬಾರದಾಗಿದ್ದ ಇನ್ನೊಂದು ತಟ್ಟೆ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಅದು ಉಣ್ಣುವ ತಟ್ಟೆಯಲ್ಲ. ಕಂಪ್ಯೂಟರಿಗೆ ಹಾಕುವ ಸೀಡಿ.

ಅವಳ ಗಂಡ ಶೇಖಪ್ಪ ರಾಮನಗರದಲ್ಲಿ ಗೋವಾ ರಸ್ತೆಗೆ ಮುಖ ಮಾಡಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ. ಮಾತು ಕಡಿಮೆ, ತೂಕ ಸರಿ. ಐವತ್ತೈದು ದಾಟಿದ ಮೇಲೆ ಆ ಮನುಷ್ಯನಿಗೆ ಒಂದು ಹುಚ್ಚು ಹತ್ತಿತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ತೆರೆದಿದ್ದ ಅಜಯನಲ್ಲಿ ಒಂದು ಆಟ ನೋಡಿಬಂದ. ಹೊಡೆದಾಟ ಬಡಿದಾಟದ್ದಲ್ಲ, ಊರು ಕಟ್ಟುವ ಆಟ. ನದಿ ಹರಿಸಬೇಕು, ಬೀದಿ ಹಾಕಬೇಕು, ಮನೆ ಎಬ್ಬಿಸಬೇಕು. ಆಗ ತಾನಾಗಿ ಜನ ಬಂದು ಒಕ್ಕಲಾಗುತ್ತಾರೆ. ಶೇಖಪ್ಪ ಹಳೆಯದೊಂದು ಕಂಪ್ಯೂಟರ್ ಕೊಂಡ. ಆಟವನ್ನು ಮಾತ್ರ ಬೆಳಗಾವಿಗೆ ಹೋಗಿ, ಡಬ್ಬಿಯ ಸಮೇತ, ರಸೀದಿ ಬರೆಸಿಕೊಂಡು ತಂದ.

“ಹುಬ್ಬಳ್ಳಿಯೊಳಗ ಫುಟಪಾತ್ ಮ್ಯಾಲ ಇದರ ನಕಲಿ ಕಡ್ಲಿ ಪುಡಿಕಿ ಮಾರಿದಂಗ ಮಾರ್ತಾರ್ರೀ ಕಾಕಾ,” ಎಂದು ಅಜಯ ನಕ್ಕಿದ್ದ.

“ಕದ್ದ ಇಟ್ಟಂಗಿಲೆ ಮನೀ ಕಟ್ಟಬಾರ್ದಪಾ,” ಎಂದಿದ್ದ ಶೇಖಪ್ಪ.

ಅವನು ಕಟ್ಟಿದ್ದು ಹೊಸ ಊರನ್ನಲ್ಲ. ಸೂಪಾ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ತನ್ನ ಊರನ್ನು. ಕಾಳಿ ಹೊಳೆಯ ತಿರುವು, ಪೇಟೆಸಾಲು, ಮಠದ ಕಟ್ಟೆ, ಹುಣಸೆಮರ, ಯಾರ ಮನೆಯ ಪಕ್ಕಕ್ಕೆ ಯಾರ ಮನೆ — ಎಲ್ಲವನ್ನೂ ನೆನಪಿನಿಂದ ಹೆಕ್ಕಿ ತೆಗೆದು ಎರಡು ವರ್ಷ ಕಟ್ಟಿದ. ಆಟದ ಮನೆಗಳು ಪರದೇಶದವು. ಎಲ್ಲವಕ್ಕೂ ಹೊಗೆ ಹೋಗುವ ಚಿಮಣಿ. ಕಾಶೆವ್ವ ಆಡಿಕೊಂಡರೆ, “ಚಿಮಣಿ ಇದ್ರ ಇರ್ಲಿ ಬಿಡ, ಬಾಗ್ಲಾ ಮೂಡಲಕ್ಕ ಐತಲ್ಲ,” ಎನ್ನುತ್ತಿದ್ದ. ಸೀಡಿಯ ಮೇಲೆ ಕಪ್ಪು ಪೆನ್ನಿನಿಂದ ‘ನಮ್ಮೂರು’ ಎಂದು ಬರೆದಿಟ್ಟಿದ್ದ. ರವಿವಾರವಾದರೆ ಮುಳುಗಿದ ಊರಿನಿಂದ ಎದ್ದುಬಂದವರು ಒಬ್ಬಿಬ್ಬರಾಗಿ ಬಂದು ತಂತಮ್ಮ ಮನೆ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಕಳೆದ ಶ್ರಾವಣದಲ್ಲಿ ಶೇಖಪ್ಪ ತೀರಿಕೊಂಡ. ಎರಡು ತಿಂಗಳಿಗೆ ದಸರೆಯ ಖಂಡೇ ಪೂಜೆ ಬಂತು. ಅಂದು ತಕ್ಕಡಿ, ತೂಕದ ಕಲ್ಲು, ಕಂಪ್ಯೂಟರುಗಳಿಗೆ ವಿಭೂತಿ ಹಚ್ಚುವುದು ಅವನ ಪದ್ಧತಿ. ತಪ್ಪಿಸಬಾರದೆಂದು ಕಾಶೆವ್ವ ತಾನೇ ಮಾಡಿದಳು. ಅವನು ಅಷ್ಟು ಜೋಪಾನ ಮಾಡಿದ್ದ ಸೀಡಿಯನ್ನು ಹೇಗೆ ಬಿಡುವುದು? ಬರಹ ಮುಚ್ಚಬಾರದೆಂದು ತಿರುವಿ, ಹೊಳೆಯುವ ಮಗ್ಗುಲಿಗೆ ಮೂರು ಬೆರಳು ವಿಭೂತಿ ಎಳೆದಳು. ಮರುದಿನ ಒರೆಸಿದರೆ ಹೋಗಲಿಲ್ಲ. ಹಿತ್ತಲಿಗೆ ಒಯ್ದು, ಹಿತ್ತಾಳೆಗೆ ಮಾಡುವಂತೆ, ಬೂದಿಯಿಂದ ತಿಕ್ಕಿ ತೊಳೆದಳು. ಥಳಥಳ ಹೊಳೆಯಿತು. ಆಮೇಲೆ ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ಅಸಲಿ ಸೀಡಿ ಹಾಕಿ, ಅಸಲಿ ಸೀಡಿ ಹಾಕಿ ಎಂದು ಅದೊಂದೇ ಮಾತು.

“ಊರು ಕಂಪ್ಯೂಟರ್‌ನ್ಯಾಗs ಐತಿ ಕಾಕು, ಎಲ್ಲೂ ಹೋಗಿಲ್ಲ,” ಎಂದು ಅಜಯ ಬಿಡಿಸಿ ಹೇಳಿದ್ದ. “ಆದ್ರ ಬಾಗ್ಲಾ ತೆಗೀಬೇಕಂದ್ರ ಪ್ರತಿಸಲಾ ಅಸಲಿ ಸೀಡಿ ಮಾರಿ ತೋರಿಸ್ಬೇಕು. ನಕಲು ತೆಗೀಬಾರದಂತ ಕಂಪನಿಯವ್ರು ಹಾಕಿದ ಕೀಲಿ ಅದು.”

“ಮತ್ತ ಕದ್ದು ಆಡಾವರು ಹೆಂಗ ಆಡ್ತಾರ?”

“ಅವರು ಕೀಲೀನ ಮುರದು ಆಡ್ತಾರ್ರೀ. ಹೊಸಾ ಊರು ಕಟ್ಟಾಕ ಅದು ನಡೀತೈತಿ. ಕಾಕಾ ಕಟ್ಟಿದ ಹಳೇ ಊರನ್ನ ಅದು ತೆರೆಯಂಗಿಲ್ಲ. ನಾ ಅದನ್ನೂ ನೋಡಿದ್ನಿ.”

ಡಬ್ಬಿಯೊಳಗಿನ ಕಾಗದದಲ್ಲಿ ಒಂದು ದಾರಿ ಬರೆದಿತ್ತು. ಕೆಟ್ಟ ಸೀಡಿ, ರಸೀದಿ, ಜೊತೆಗೊಂದು ಪತ್ರ ಮುಂಬೈ ಕಚೇರಿಗೆ ಕಳಿಸಿದರೆ ಹೊಸದು ಬರುತ್ತದೆ. ಹಳೆಯದು ಮರಳಿ ಬರುವುದಿಲ್ಲ. ಅಜಯ ಇಂಗ್ಲಿಷಿನಲ್ಲಿ ಪತ್ರ ಬರೆದು, ಒಂದು ಸಾಲು ಮಾತ್ರ ಖಾಲಿ ಬಿಟ್ಟುಕೊಟ್ಟಿದ್ದ: ಸೀಡಿ ಹೇಗೆ ಕೆಟ್ಟಿತು?

ಆ ಲಕೋಟೆ ಏಳು ತಿಂಗಳಿಂದ ಟ್ರಂಕಿನಲ್ಲಿ ಸೀರೆಯ ಕೆಳಗೆ ಕೂತಿತ್ತು. ಕಳಿಸಿದರೆ ಗಂಡನ ಅಕ್ಷರ ಹೋಗುತ್ತದೆ. ಕಳಿಸದಿದ್ದರೆ ಗಂಡನ ಊರು ಹೋಗುತ್ತದೆ. ಇನ್ನು ಆ ಖಾಲಿ ಸಾಲು! ಅದನ್ನು ತುಂಬುವುದೆಂದರೆ ತನ್ನ ಕೈಯಿಂದಲೇ ಕೆಟ್ಟಿತೆಂದು ಒಪ್ಪಿಕೊಂಡಂತೆ. ಕೆಡಿಸಿದವಳು ತಾನೆಂದು ಅವಳು ಇದುವರೆಗೆ ಅಜಯನಿಗೂ ಹೇಳಿರಲಿಲ್ಲ. ರವಿವಾರದವರು ಬರುವುದನ್ನು ನಿಲ್ಲಿಸಿ ಬಹಳ ದಿನಗಳಾಗಿದ್ದವು.

“ಏನs ಕಾಶಿ, ತಂಬಿಗಿ ತೂತ ಬೀಳೂತನಕಾ ತಿಕ್ಕಾಕಿ ಏನ?”

ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಮುದಕವ್ವ. ಮುಳುಗಿದ ಊರಿನಲ್ಲಿ ಓಣಿಯ ಎದುರು ಮನೆಯವಳು. ಈಗ ಹಳಿಯಾಳದ ಹತ್ತಿರ ಮಗಳ ಮನೆಯಲ್ಲಿ ಇರುವವಳು. ಮೊದಲ ಬಸ್ಸಿಗೇ ಬಂದಿದ್ದಳು.

“ಹಿನ್ನೀರು ಇಳದೈತಿ ಅಂದ್ರಂತ ಹೋದ ವಾರ ನೋಡಾಕ ಹೋಗಿದ್ನೆವ್ವ,” ಎನ್ನುತ್ತ ಮುದಕವ್ವ ಕಲ್ಲಿನ ಮೇಲೆ ಕೂತಳು. “ಬರೇ ಕೆಸರು. ನಮ್ಮ ಕಟ್ಟಿ ಯಾವುದು, ಕಂಡವರ ಕಟ್ಟಿ ಯಾವುದು, ಒಂದೂ ತಿಳೀಲಿಲ್ಲ. ನಿನ್ನ ಗಂಡನ ಪೆಟಗ್ಯಾಗ ಛಲೋ ಕಾಣ್ತಿತ್ತು. ಒಮ್ಮೆ ತೋರ್ಸು, ನೋಡಿ ಹೊಕ್ಕೇನಿ.”

ಇಲ್ಲವೆನ್ನಲಾರದೆ ಕಾಶೆವ್ವ ಕೈ ತೊಳೆದು ಎದ್ದಳು. ಅಜಯನಿಗೆ ಹೇಳಿಕಳಿಸಿದಳು. ಅವನು ಹುಬ್ಬಳ್ಳಿಯಿಂದ ತರಿಸಿದ್ದ, ಅದೇ ಆಟದ ನಕಲಿ ಸೀಡಿಯೊಂದನ್ನು ಹಿಡಿದುಕೊಂಡು ಬಂದ. “ಇದು ಕೀಲಿ ಮುರದದ್ದಲ್ಲ, ಅಸಲೀನ ಇದ್ದಂಗs ಇಳಿಸಿದ್ದು. ನಡದ್ರ ನಡೀತು,” ಎಂದು ಯಂತ್ರಕ್ಕೆ ಹಾಕಿದ.

ಊರು ತೆರೆದುಕೊಂಡಿತು! ಹೊಳೆ, ಪೇಟೆ, ಹುಣಸೆಮರ. ಬೀದಿಯಲ್ಲಿ ಇರುವೆಯಷ್ಟು ಜನ ಓಡಾಡುತ್ತಿದ್ದರು. ಕಾಶೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದಕವ್ವ ಗಾಜಿಗೆ ಮೂಗು ತಾಗಿಸಿ, “ಅಲ್ನೋಡ, ನನ್ನ ಕಟ್ಟಿ! ನನ್ನ ಮುದುಕ ಅಲ್ಲೇ ಕುಂತು ಎಲಿ ತಿಂದು ಎದುರಿನ ಗ್ವಾಡಿಗೆ ಉಗಳ್ತಿದ್ದ. ನಿಮ್ಮ ಗ್ವಾಡೀನs ಅದು!” ಎಂದು ನಕ್ಕಳು. ಕಾಶೆವ್ವನೂ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ.

ಚಹಾ ಕುದಿಯುವಷ್ಟರಲ್ಲಿ ಮುದಕವ್ವ ಕೂಗಿದಳು. “ಕಾಶೀ, ಮಂದಿ ಎಲ್ಲಿ ಹೊಂಟಾರ?”

ಮೊದಲು ಹೊಳೆದಂಡೆಯ ಮನೆಗಳು ಖಾಲಿಯಾದವು. ಆಮೇಲೆ ಪೇಟೆಸಾಲು. ಗಂಟು ಹೊತ್ತ ಸಣ್ಣ ಆಕೃತಿಗಳು ಒಂದರ ಹಿಂದೊಂದು ಊರ ಹೊರಗಿನ ರಸ್ತೆ ಹಿಡಿದವು. ಚಿಮಣಿಗಳ ಹೊಗೆ ನಿಂತಿತು. ಮುದಕವ್ವನ ಕಟ್ಟೆಯ ಹಿಂದಿನ ಕಿಟಕಿಯ ಬೆಳಕು ಆರಿತು.

ಕಾಶೆವ್ವ ಇದನ್ನು ಒಮ್ಮೆ ನೋಡಿದ್ದಳು. ಅಂದು ಬಾಗಿಲ ಚೌಕಟ್ಟುಗಳನ್ನೂ ಕಿತ್ತು ಲಾರಿಗೆ ಹೇರಿದ್ದರು. ಚೌಕಟ್ಟಿಲ್ಲದ ಮನೆಗಳು ಹಲ್ಲಿಲ್ಲದ ಬಾಯಿಯಂತೆ ಹಿಂದೆ ಉಳಿದಿದ್ದವು.

“ಆವಾಗ ನೀರು ಬಂತಂತ ಹೊಂಟ್ವಿ,” ಮುದಕವ್ವನ ದನಿ ಇಳಿದಿತ್ತು. “ಈಗ ಏನ ಬಂತಂತ ಹೊಂಟಾರ?”

ಅಜಯನ ಮುಖ ಕಪ್ಪಿಟ್ಟಿತು. “ಇದು ಕೀಲಿದs ಕೆಲಸ, ಆಯಿ. ನಕಲಿ ಸೀಡಿ ಅಂತ ವಾಸನಿ ಬಡದೈತಿ. ಕಳ್ಳ ಬಂದಾನಂತ ತಿಳದು, ಒಳಗ ಬಿಟ್ಟು ಊರು ಖಾಲಿ ಮಾಡ್ತೈತಿ. ಎಲ್ಲೋ ಓದಿದ್ನಿ, ಖರೇ ಇರ್ಲಿಕ್ಕಿಲ್ಲ ಅನ್ಕೊಂಡಿದ್ನಿ.”

“ರೊಕ್ಕಾ ಕೊಟ್ಟು ತಂದವರು ನಾವು,” ಎಂದಳು ಕಾಶೆವ್ವ. “ನಮ್ಮ ಮನ್ಯಾಗ ನಾವs ಕಳ್ಳರೇನು?”

ಯಂತ್ರ ಏನೋ ಕೇಳಿತು. ಇದ್ದ ಹಾಗೆ ಉಳಿಸಲೋ ಬೇಡವೋ ಎಂದು. ಅಜಯ ಅವಸರದಿಂದ ಬೇಡವೆಂದು ಒತ್ತಿ ಸೀಡಿ ಹೊರಗೆ ತೆಗೆದ. “ಮೊದಲಿನ ಊರು ಇದ್ದಂಗs ಐತಿ, ಅಂಜಬ್ಯಾಡ್ರಿ. ಆದ್ರ ಇನ್ನೊಮ್ಮೆ ಹಿಂಗ ನೋಡೂದು ಬ್ಯಾಡ. ನನ್ನ ಕೈ ತಪ್ಪಿ ‘ಉಳಸು’ ಅಂದ್ರ, ಆತು.”

ಕಾಶೆವ್ವ ಎದ್ದು ಟ್ರಂಕು ತೆರೆದು ಸೀರೆಯ ಕೆಳಗಿನ ಲಕೋಟೆ ತಂದಳು. “ಈ ಖಾಲಿ ಸಾಲು ತುಂಬಬೇಕಲ್ಲ?”

“ತಾನs ಕೆಟ್ಟಿತು ಅಂತ ಬರೀತೇನಿ ಕಾಕು. ನಾವು ಕೆಡಿಸೇವಿ ಅಂದ್ರ ಅವರು ಕೊಡಂಗಿಲ್ಲ.”

“ಬ್ಯಾಡ. ಪೆನ್ನು ಇಲ್ಲಿ ಕೊಡು.”

ನೆಲಕ್ಕೆ ಕೂತು, ಮಣೆಯ ಮೇಲೆ ಕಾಗದವಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ ಅವಳು ಬರೆದಳು: “ಈ ಸೀಡಿ ತಾನಾಗಿ ಕೆಟ್ಟಿಲ್ಲ. ಪೂಜೆಗೆ ವಿಭೂತಿ ಹಚ್ಚಿ, ಮರುದಿನ ಬೂದಿಯಿಂದ ತಿಕ್ಕಿದವಳು ನಾನು. ತಪ್ಪು ನನ್ನದು. ನನ್ನ ಗಂಡ ಇದನ್ನು ಕದ್ದು ತಂದಿಲ್ಲ, ರಸೀದಿ ನೋಡಿರಿ. ಅವರು ಕಟ್ಟಿದ ನಮ್ಮ ಊರು ಒಳಗಿದೆ. ಬಾಗಿಲು ತೆಗೆಯಿರಿ.”

ಅಜಯ ಓದಿದ. ಬೂದಿಯ ಮಾತಿಗೆ ಒಮ್ಮೆ ಅವಳ ಮುಖ ನೋಡಿ, ಕೆಳಗೆ ಇಂಗ್ಲಿಷಿನಲ್ಲಿ ಅದನ್ನೇ ಬರೆದ.

“ಕಳಸಿ ನೋಡೂಣು,” ಎಂದಳು ಮುದಕವ್ವ. “ಖರೇ ಹೇಳಿ ಕಳಕೊಂಡ್ರ ನಿದ್ದಿ ಆದ್ರೂ ಬರ್ತೈತಿ.”

ಅಂಚೆಗೆ ಹೋಗುವ ದಾರಿಯಲ್ಲಿ ಕಾಶೆವ್ವ ಅಜಯನ ಅಂಗಡಿಯ ಎದುರು ನಿಂತಳು. ಸೀಡಿಯ ಬರಹದ ಮಗ್ಗುಲನ್ನು ಝೆರಾಕ್ಸ್ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದಳು. ಅವನು ಯಂತ್ರದ ಗಾಜಿನ ಮೇಲೆ ಬೋರಲಿಟ್ಟು ಗುಂಡಿ ಒತ್ತಿದ. ಬಿಸಿ ಕಾಗದ ಹೊರಬಂತು. ಕಪ್ಪು ಸುತ್ತಿನ ನಡುವೆ ಶೇಖಪ್ಪನ ‘ನಮ್ಮೂರು’, ರು ಅಕ್ಷರದ ಬಾಲ ಉದ್ದವಾಗಿ. ಈ ನಕಲಿಗೆ ಯಾವ ಕೀಲಿಯೂ ಅಡ್ಡ ಬರಲಿಲ್ಲ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅಂಚೆ ಕಚೇರಿಯ ಅಡಿವೆಯ್ಯ ಲಕೋಟೆ ತಿರುವಿ ನೋಡಿದ. “ಒಡಿಯೂ ಸಾಮಾನೇನ್ರಿ ಅಕ್ಕಾರ?”

“ಕೆಟ್ಟದ್ದs ಐತ್ರಿ. ಆದ್ರೂ ಹಗರಕ ಹಿಡೀರಿ.”

ಅವನು ತೂಗಿ, ಅಂಟು ಹಚ್ಚಿ, ರಿಜಿಸ್ಟರ್ ಚೀಟಿ ಹರಿದುಕೊಟ್ಟ. ಕೈ ಚಾಚಿದರೆ ಇನ್ನೂ ಮರಳಿ ಪಡೆಯಬಹುದಿತ್ತು. ಕಾಶೆವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು. ಅಡಿವೆಯ್ಯ ಮುದ್ರೆ ಎತ್ತಿ ಎರಡು ಸಲ ಕುಟ್ಟಿ, ಬೆಳಗಾವಿ ಕಡೆಯ ಟಪಾಲು ಚೀಲದ ಬಾಯಿ ಅಗಲಿಸಿ ಲಕೋಟೆಯನ್ನು ಒಳಗೆ ಹಾಕಿದ.