ಜಾಹೀರಾತಿನ ಗಂಡ

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ, ಸುಮಂಗಲಾ ಮುಂದಿನ ಉಂಡೆ ನಾದತೊಡಗಿದಳು. ಕಲಬುರಗಿಯ ಖೂಬಾ ಪ್ಲಾಟಿನ ಈ ರೊಟ್ಟಿ ಕೇಂದ್ರದಲ್ಲಿ ಬೆಳಗಿನ ಹೊತ್ತು ಮಾತಿಗೆ ಪುರಸೊತ್ತಿಲ್ಲ. ಆದರೆ ಪಕ್ಕದ ಒಲೆಯ ಕಸ್ತೂರಿಬಾಯಿ ಸುಮ್ಮನಿರುವವಳಲ್ಲ.

"ನಿನ್ನ ಫೋಟೋ ಈಗ ಬಸ್ಸಿನ ಹಿಂದನೂ ಬಂದದ ನೋಡವಾ. ಹೊಗಿ ಬಿಟ್ಕೋತ ಹೊಂಟಿದ್ದಿ."

ಸುಮಂಗಲಾ ನಗಲಿಲ್ಲ.

'ಹೊನ್ನಕಣ' ಜೋಳದ ಹಿಟ್ಟಿನ ಕಂಪನಿಯವರು ಕ್ಯಾಮೆರಾ ತಂದು ಅವಳು ರೊಟ್ಟಿ ಬಡಿಯುವುದನ್ನು ಚಿತ್ರಿಸಿಕೊಂಡು ಹೋಗಿದ್ದರು. ಗಂಡನ ಬಗ್ಗೆ ಕೇಳಿದಾಗ, ಟಂಟಂ ಆಟೋ ಓಡಿಸುತ್ತಿದ್ದ, ಎದೆನೋವು ಬಂದು ತೀರಿಹೋದ ಎಂದಿದ್ದಳು. ಜಾಹೀರಾತು ಬಂದಾಗ ಅದರಲ್ಲಿ ಬೇರೆಯೇ ಗಂಡನಿದ್ದ. ಬಾಟಲಿ ಹಿಡಿದ ಯಾರೋ ನಟ, ಕತ್ತಲಲ್ಲಿ ಎತ್ತಿದ ಕೈ. ಆಮೇಲೆ ಅವಳ ಮುಖ, ಅವಳದಲ್ಲದ ದನಿ: "ನಾನು ಎದ್ದು ನಿಂತೆ." ಕೊನೆಗೆ ಹಿಟ್ಟಿನ ಪ್ಯಾಕೆಟ್ಟು. "ಏಳು ತಂಗಿ! ನೀವು ಕೊಳ್ಳುವ ಪ್ರತಿ ಪ್ಯಾಕೆಟ್ಟೂ ನೊಂದ ಹೆಣ್ಣಿಗೆ ಆಸರೆ."

ಅವಳ ಗಂಡ ಪೀರಪ್ಪ ಚಹಾ ಬಿಟ್ಟು ಇನ್ನೇನೂ ಕುಡಿದವನಲ್ಲ. ಈ ಒಲೆ ಹಾಕಿಕೊಟ್ಟವನೇ ಅವನು. ಅವಳು ಜ್ವರದಲ್ಲಿ ಮಲಗಿದ ದಿನ ಓಣಿಯ ಗಂಡಸರು ನಗುತ್ತಿದ್ದರೂ ತಾನೇ ಕೂತು ರೊಟ್ಟಿ ಬಡಿದಿದ್ದ. ದುಂಡಗಾದವನ್ನು ಗಿರಾಕಿಗಳಿಗೆ ಕೊಟ್ಟು, ಸೊಟ್ಟಗಿದ್ದವನ್ನು ತಾನು ತಿಂದಿದ್ದ.

ಕಮಲಾಪುರದಲ್ಲಿ ಅವನ ತಾಯಿ ಹಣಮಮ್ಮ ಜಾಹೀರಾತನ್ನು ಯಾರದೋ ಮೊಬೈಲಿನಲ್ಲಿ ನೋಡಿದಳು. ಕಳೆದ ಭಾನುವಾರ ಸುಮಂಗಲಾ ಹೋದಾಗ ಮುದುಕಿ ಹೊಸ್ತಿಲಲ್ಲೇ ಕೂತಿದ್ದಳು. ಒಳಗೆ ಬಾ ಎನ್ನಲಿಲ್ಲ.

"ನನ್ನ ಮಗ ನಿನಗ ಹೊಡದಿದ್ದನೇನವಾ?"

"ಇಲ್ಲತ್ತಿ. ಒಂದಿನಾನೂ ಕೈ ಎತ್ತಿಲ್ಲ."

"ಮತ್ತ ಯಾಕ ಹಂಗ ಹೇಳ್ದಿ?"

"ನಾ ಹೇಳಿಲ್ಲತ್ತಿ. ಅವರೇ ಕಟ್ಯಾರ."

"ಮುಖ ನಿಂದೇ ಅದಲ್ಲ. ಮಂದಿ ಅದನ್ನ ನೋಡೇ ನಂಬ್ಯಾರ. ನೀರಿಗಿ ಹೋದ್ರ ಕುಡುಕನ ಅವ್ವ ಬಂದ್ಲು ಅಂತಾರ."

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಸುಮಂಗಲಾಳಿಗೆ ಅಳು ಬರಲಿಲ್ಲ. ಜಾಹೀರಾತು ತೆಗೆಯಿರಿ ಎಂದು ಚಿತ್ರೀಕರಣಕ್ಕೆ ಬಂದಿದ್ದ ಕಂಪನಿಯ ವಿಶ್ವಾಸನಿಗೆ ಫೋನು ಮಾಡಿದಳು.

"ಅಕ್ಕಾ, ಅದು ನಿಮ್ಮೊಬ್ಬರ ಕಥಿ ಅಲ್ರಿ. ಸಾವಿರಾರು ಹೆಣ್ಮಕ್ಕಳದ್ದು. ನೀವು ಅವರ ಮುಖ ಆಗೀರಿ," ಎಂದ.

"ಅವರ ಗಂಡಂದಿರ ತಪ್ಪಿಗಿ ನನ್ನ ಗಂಡ ಯಾಕ್ರಿ?"

ಫೋನು ಕಟ್ಟಾಯಿತು.

ಈಗ ಅದೇ ಕಂಪನಿಯ ಶೀಲಾ ನಗುತ್ತ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಿಟ್ಟಿನ ಪ್ಯಾಕೆಟ್ಟು.

"ಅಕ್ಕಾ, ಮಹಿಳಾ ದಿನಕ್ಕ ದೊಡ್ಡ ಪ್ರೋಗ್ರಾಂ. ಸ್ಟೇಜ್ ಮ್ಯಾಲ ನೀವು ನಮ್ಮ ಹಿಟ್ಟಿಲೇ ರೊಟ್ಟಿ ಬಡೀಬೇಕು. ಲೈವ್ ಹೋಗ್ತದ, ರಾಜ್ಯಕ್ಕ ರಾಜ್ಯಾನೇ ನೋಡ್ತದ." ಬಳಿಗೆ ಬಂದು ದನಿ ತಗ್ಗಿಸಿದಳು. "ಹಿಟ್ಟು ಮಾತ್ರ ನಿಮ್ಮದೇ ತರ್ರಿ. ಅವತ್ತೇ ಗಿರಣಿಗೆ ಹಾಕ್ಸಿದ್ದು. ಇದನ್ನ ಖಾಲಿ ಮಾಡಿ ಇದರಾಗ ತುಂಬಿಬಿಡ್ರಿ. ಪ್ಯಾಕೆಟ್ಟಿಂದು ಹಳೇದಾಗಿ ಜಿಗಿನೇ ಇರಂಗಿಲ್ಲ, ಬಡದ್ರ ಒಡದು ಹೋಗ್ತದ. ಶೂಟಿಂಗಿನಾಗೂ ಹಂಗೇ ಮಾಡಿದ್ವಲ್ಲ."

"ಹಂಗಾರ ನೊಂದಿದ್ದು ನಿಮ್ಮ ಹಿಟ್ಟವಾ," ಎಂದಳು ಕಸ್ತೂರಿಬಾಯಿ. "ಆಸರಿ ಅದಕ್ಕೇ ಬೇಕಾಗ್ಯದ."

ಶೀಲಾ ಕೇಳಿಸದವಳಂತೆ ಪ್ಯಾಕೆಟ್ಟನ್ನು ಮುಂದೆ ಚಾಚಿದಳು.

"ಲೈವ್ ಅಂದ್ರ ನಡುವ ಕತ್ತರಸಾಕ ಬರಂಗಿಲ್ಲಲ್ರಿ?" ಸುಮಂಗಲಾ ಕೇಳಿದಳು.

"ಬರಂಗಿಲ್ರಿ. ಹೆದರಬ್ಯಾಡ್ರಿ, ಅಕ್ಕಾ."

"ಇಲ್ರಿ. ಬರ್ತೀನಿ."

ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅದನ್ನು ಇಲ್ಲಿ ಒಡೆಯುವುದಿಲ್ಲ. ವೇದಿಕೆಯ ಮೇಲೆ, ಎಲ್ಲರ ಕಣ್ಣೆದುರೇ ಅದರ ಬಾಯಿ ಕತ್ತರಿಸುತ್ತಾಳೆ. ಅವರ ಹಿಟ್ಟನ್ನೇ ಬಡಿಯುತ್ತಾಳೆ. ರೊಟ್ಟಿ ಅಂಗೈಯಡಿ ಒಡೆಯಲಿ. ಇನ್ನೊಂದು ಉಂಡೆ ತೆಗೆದುಕೊಳ್ಳುತ್ತಾಳೆ, ಅದೂ ಒಡೆಯಲಿ. ಮಾತಿನಲ್ಲಿ ಮುಚ್ಚಿಹಾಕಲು ಮೈಕು ಹಿಡಿದು ಓಡಿಬರುತ್ತಾರೆ. ಆಗ ಆ ಮೈಕಿನಲ್ಲೇ ಪೀರಪ್ಪನ ಹೆಸರು ಹೇಳುತ್ತಾಳೆ. ಜಾಹೀರಾತಿನಲ್ಲಿ ಯಾರ ಹಿಟ್ಟಿತ್ತು, ಯಾರ ಗಂಡನಿದ್ದ, ಎಲ್ಲವನ್ನೂ ಹೇಳುತ್ತಾಳೆ. ಕಂಪನಿಗೆ ಬೆವರು ಇಳಿಯುವುದನ್ನು ನಿಂತು ನೋಡುತ್ತಾಳೆ.

"ಮುಂದಿನ ಸಾಲಿನಾಗ ನಮ್ಮ ಅತ್ತಿಗೊಂದು ಕುರ್ಚಿ ಇಡ್ರಿ," ಎಂದಳು.

"ಅತ್ತಿ-ಸೊಸಿ!" ಶೀಲಾ ಹಿಗ್ಗಿದಳು. "ಭಾಳ ಚಲೋ ಬರ್ತದ್ರಿ!"

ಅವಳು ಹೋದ ಮೇಲೆ ಕಸ್ತೂರಿಬಾಯಿ ಸಿಟ್ಟಿನಿಂದ ತಿರುಗಿದಳು. "ಮತ್ತ ಅವರ ಮುಂದೇ ಹೋಗಿ ಕುಣೀತಿಯಾ? ನಾಚಿಕಿ ಅದನೋ ಇಲ್ಲೋ ನಿನಗ?"

ಸುಮಂಗಲಾ ಪ್ಯಾಕೆಟ್ಟನ್ನು ಒಡೆಯದೆ ಗೂಡಿನಲ್ಲಿಟ್ಟು, ಮುಂದಿನ ಉಂಡೆ ನಾದತೊಡಗಿದಳು.